ಲುವಿಸ್ ಪೊರ್ಬು ಮ್ಯಾನೇಜರ್ ಆದದ್ದು

ಫುಟ್‌ಬಾಲ್ ಗೊತ್ತಿಲ್ಲದವರು ಇದನ್ನು ಧೈರ್ಯವಾಗಿ ಓದಬಹುದು. ನಮ್ಮ ತಂಡದವರಿಗೂ ಗೊತ್ತಿರಲಿಲ್ಲ. ಹನ್ನೊಂದು ಜನರಿದ್ದರು, ಹಳದಿ ಬನಿಯನ್ ಇತ್ತು, ಚೆಂಡು ಇತ್ತು, ಶುಕ್ರವಾರದ ರಜೆ ಇತ್ತು. ಇಷ್ಟಿದ್ದರೆ ಉಳಿದದ್ದು ತಾನಾಗಿ ಆಗುತ್ತದೆ ಎಂದು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ ಕೆಲಸಕ್ಕಿದ್ದ ನಮ್ಮ ಮಂಗಳೂರು, ಉಡುಪಿ ಕಡೆಯ ಗಂಡಸರು ಬಲವಾಗಿ ನಂಬಿದ್ದರು. ತಂಡದ ಹೆಸರು ಕರಾವಳಿ ಫ್ರೆಂಡ್ಸ್. ಅದರ ಗೋಲ್‌ಕೀಪರ್ ನನ್ನ ಗಂಡ ಬೊನಿಫಾಸ್. ಹಾಗಾಗಿ ಎಲಿಜಬೆತ್ ಎಂಬ ನಾನು ಏಳು ವರ್ಷ ಪ್ರತಿ ಶುಕ್ರವಾರ ಬೆಳಿಗ್ಗೆ ರೂವಿಯ ಇಗರ್ಜಿಯಲ್ಲಿ ಪೂಜೆ ಮುಗಿಸಿ, ಸಂಜೆ ಆ ಮೈದಾನದ ಬದಿಯಲ್ಲಿ ಕೊಡೆ ಹಿಡಿದು ಕೂತವಳು. ಕೂತು ಕೂತು ನನಗೆ ಆಟ ತಿಳಿಯಿತು. ಓಡಿ ಓಡಿಯೂ ಅವರಿಗೆ ತಿಳಿಯಲಿಲ್ಲ.

ನಾವೆಲ್ಲ ಒಂದೇ ಕಡೆ ಕೆಲಸದವರು. ಲಾರಿ, ಕ್ರೇನ್, ಬುಲ್‌ಡೋಜರ್ ರಿಪೇರಿ ಮಾಡುವ ದೊಡ್ಡ ವರ್ಕ್‌ಶಾಪ್ ಅದು. ಬೊನಿಫಾಸ್ ಸ್ಟೋರ್ ನೋಡಿಕೊಳ್ಳುತ್ತಿದ್ದ, ನಾನು ಆಫೀಸಿನಲ್ಲಿ ಟೈಪಿಸ್ಟ್. ವರ್ಕ್‌ಶಾಪಿನ ಹಿಂದೆ ಮಳೆ ಬಂದಾಗ ಮಾತ್ರ ನೀರು ಹರಿಯುವ ವಾದಿ, ಅಂದರೆ ಒಣ ಹೊಳೆ. ಅದರ ಜಲ್ಲಿಕಲ್ಲಿನ ಮೇಲೆ, ಎಂಜಿನ್‌ನಿಂದ ತೆಗೆದ ಕರಿ ಎಣ್ಣೆ ಸುರಿದು ಗೆರೆ ಎಳೆದರೆ ಅದೇ ನಮ್ಮ ಮೈದಾನ. ಬಿದ್ದವನ ಮೊಣಕಾಲಿನ ಚರ್ಮ ಅಲ್ಲಿಯೇ ಉಳಿಯುತ್ತಿತ್ತು.

೧೯೮೬ರ ಒಂದು ಸಂಜೆ ಅಭ್ಯಾಸದ ಹೊತ್ತಿಗೆ ನಮ್ಮವರ ಚೆಂಡು ಗೋಡೆ ಹಾರಿ ಪಕ್ಕದ ಯಾರ್ಡಿಗೆ ಬಿತ್ತು. ಅದು ರಸ್ತೆ ಮಾಡುವ ಒಂದು ಯುಗೊಸ್ಲಾವ್ ಕಂಪೆನಿಯ ಜಾಗ. ಒಳಗೆ ನಾಯಿ ಇದ್ದುದರಿಂದ ಯಾರೂ ತಯಾರಿರಲಿಲ್ಲ. ನೀನು ಹೋಗು, ನೀನು ಹೋಗು ಎಂದು ಚರ್ಚೆ ನಡೆಯುತ್ತಿದ್ದಾಗ ಚೆಂಡು ತಾನಾಗಿಯೇ ಹಿಂದೆ ಬಂತು. ಗೋಡೆಯ ಮೇಲೆ ಎತ್ತರಕ್ಕೆ ಏರಿ, ಬಾಗಿ, ನೇರ ಬೊನಿಫಾಸನ ಎದೆಗೆ ಬಂದು ಕೂತಿತು. ಅವನು ಒಂದು ಹೆಜ್ಜೆಯನ್ನೂ ಇಡಬೇಕಾಗಲಿಲ್ಲ. ಆ ವರ್ಷ ಅವನು ಸರಿಯಾಗಿ ಹಿಡಿದ ಮೊದಲ ಚೆಂಡು ಅದೇ ಎಂದು ನಾನು ಈಗಲೂ ಹೇಳುತ್ತೇನೆ, ಅವನು ಈಗಲೂ ಸಿಟ್ಟು ಮಾಡಿಕೊಳ್ಳುತ್ತಾನೆ. ಎಲ್ಲರೂ ಗೋಡೆ ಹತ್ತಿ ನೋಡಿದರು. ಆಚೆ ಗ್ರೀಸ್ ಮೆತ್ತಿದ ಬೂಟು ಹಾಕಿಕೊಂಡು, ಕೈಯಲ್ಲಿ ಸ್ಪ್ಯಾನರ್ ಹಿಡಿದ ಬಿಳಿಯರೊಬ್ಬರು ನಿಂತಿದ್ದರು. ನಾಯಿ ಅವರ ಕಾಲ ಬಳಿ ಮಲಗಿತ್ತು.

ಅವರೇ ಲೊಯ್ಜೆ. ಯುಗೊಸ್ಲಾವಿಯಾದ ಒಳಗೆ ಆಗ ಸ್ಲೊವೇನಿಯಾ ಎಂಬ ಸಣ್ಣ ರಾಜ್ಯವಿತ್ತು, ಅಲ್ಲಿಯ ಕಲ್ಲಿದ್ದಲ ಗಣಿಯ ಊರಿನವರು. ಊರಿನ ಹೆಸರು ತ್ರ್ಬೊವ್ಲ್ಯೆ. ಆ ಹೆಸರನ್ನು ನಮ್ಮ ತಂಡದಲ್ಲಿ ಯಾರೂ ಒಂದೇ ಉಸಿರಿಗೆ ಹೇಳಿದ್ದು ನಾನು ಕೇಳಿಲ್ಲ. ಅಪ್ಪ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. ಮಗ ಹದಿನೇಳಕ್ಕೆ ಊರಿನ ತಂಡ ಸೇರಿ, ಮುಂದೆ ಎರಡನೇ ದರ್ಜೆಯ ಲೀಗಿನಲ್ಲಿ ನೂರ ನಲವತ್ತು ಪಂದ್ಯ ಆಡಿದ್ದರು. ಆರು ಗೋಲು. ಅದರಲ್ಲಿ ಒಂದನ್ನು ತಮ್ಮ ತಂಡದ ಗೋಲಿಗೇ ಹೊಡೆದದ್ದು ಎಂದು ಅವರೇ ಹೇಳುತ್ತಿದ್ದರು. ಮೊಣಕಾಲು ಕೈಕೊಟ್ಟ ಮೇಲೆ ಕ್ರೇನ್ ಮೆಕ್ಯಾನಿಕ್ ಆಗಿ ೧೯೮೪ರಲ್ಲಿ ಒಮಾನಿಗೆ ಬಂದರು. ಲೊಯ್ಜೆ ಎಂದರೆ ನಮ್ಮ ಅಲೋಶಿಯಸ್, ಊರ ಬಾಯಲ್ಲಿ ಲುವಿಸ್. ಅವರು ಕ್ರಿಶ್ಚಿಯನ್ ಎಂದು ತಿಳಿದ ದಿನವೇ ನಮ್ಮ ತುಳುವರೆಲ್ಲ ಊರಿನ ಅಭ್ಯಾಸದಂತೆ ‘ಲುವಿಸ್ ಪೊರ್ಬು’ ಎಂದು ಗೌರವದಿಂದ ಕರೆಯತೊಡಗಿದರು. ಅವರಿಗೆ ಏನೂ ಅರ್ಥವಾಗಲಿಲ್ಲ, ಆದರೆ ಮೈದಾನದಲ್ಲಿ ಆ ಹೆಸರಿಗೆ ತಿರುಗುತ್ತಿದ್ದರು.

ಮೂರು ವರ್ಷ ನಮ್ಮ ತಂಡದಲ್ಲಿ ಆಡಿದರು. ೧೯೮೯ರಲ್ಲಿ ಅದೇ ಮೊಣಕಾಲು ಮತ್ತೊಮ್ಮೆ ತಿರುಚಿತು. ಕಾಲು ಮಡಚಲಾಗದೆ ಲೊಯ್ಜೆ ನೆಲದ ಮೇಲೆ ಕೂತು, ಬೂಟಿನ ಲೇಸ್ ಬಿಚ್ಚಿ, ನನ್ನ ಕಡೆ ನೋಡಿ ನಕ್ಕರು.

“ಖಲಾಸ್. ಇನ್ನು ನಾನು ಮ್ಯಾನೇಜರ್. ನನಗೆ ಮೊದಲಿನಿಂದ ಬೇಕಾದದ್ದು ಅದೇ” ಎಂದರು.

ಅದು ತಮಾಷೆಯ ಮಾತಲ್ಲ ಎಂದು ನನಗೆ ತಿಳಿಯಲು ಸ್ವಲ್ಪ ಕಾಲ ಹಿಡಿಯಿತು. ಆಡುವುದು ಅವರಿಗೆ ಕಾಲಿನ ಕೆಲಸ, ಆಡಿಸುವುದು ತಲೆಯ ಕೆಲಸ. ಹಿಂದಿನ ವರ್ಷ ರಜೆಯಲ್ಲಿ ಊರಿಗೆ ಹೋದವರು ಹೆಂಡತಿ ಮಕ್ಕಳಿಲ್ಲದ ಮನುಷ್ಯ ಮಾಡಬಹುದಾದ ಬೇರೆ ಯಾವ ಮೋಜನ್ನೂ ಮಾಡದೆ ತರಬೇತುದಾರರ ಕೋರ್ಸ್ ಮುಗಿಸಿ ಸರ್ಟಿಫಿಕೇಟ್ ತಂದಿದ್ದರು. ಅಲ್ಲಿ ಆ ಸರ್ಟಿಫಿಕೇಟ್ ಇದ್ದವರು ಬೀದಿಗೊಬ್ಬರು. ಇಲ್ಲಿ ಯಾರಾದರೂ ಒಂದು ನಿಜವಾದ ಕ್ಲಬ್ ಕೊಡಲಿ ಎಂಬುದೊಂದೇ ಅವರ ಆಸೆ. ಅಲ್ಲಿಯವರೆಗೆ ನಾವೇ ಗತಿ.

ಏನು ಗೊತ್ತಾ, ಆ ಮನುಷ್ಯ ನಮ್ಮವರನ್ನು ಪಳಗಿಸಿದ ರೀತಿ. ಮೊದಲ ಎರಡು ವಾರ ಚೆಂಡೇ ಕೊಡಲಿಲ್ಲ. ವಾದಿಯ ಉದ್ದಕ್ಕೂ ಓಡಿಸಿದರು. ಪಂದ್ಯದ ದಿನ ಮಧ್ಯಾಹ್ನ ಕೋಳಿ ಸಾರು, ರೊಟ್ಟಿ ತಿನ್ನಬಾರದು ಎಂದು ಕಾನೂನು ಮಾಡಿದರು. ಅದಕ್ಕೆ ಬೊನಿಫಾಸ್ ಅಳುವುದೊಂದೇ ಬಾಕಿ. ಕಾರ್ಕಳದ ಕೊಗ್ಗ ಎಂಬ ಎಲೆಕ್ಟ್ರಿಷಿಯನ್ ಇದ್ದ, ಬಿಟ್ಟ ಬಾಣದ ಹಾಗೆ ಓಡುವವನು, ಆದರೆ ಓಡುವಾಗ ಚೆಂಡನ್ನು ಮರೆತುಬಿಡುತ್ತಿದ್ದ. ಅವನನ್ನು ಲೊಯ್ಜೆ ಹಿಡಿದು ಕೂರಿಸಿ, ಕರಿ ಎಣ್ಣೆಯಲ್ಲಿ ನೆಲದ ಮೇಲೆ ಚಿತ್ರ ಬರೆದು ಆರು ತಿಂಗಳು ಪಾಠ ಮಾಡಿದರು. ಎಂಟು ಗೋಲಿನಲ್ಲಿ ಸೋಲುತ್ತಿದ್ದ ತಂಡ ಎರಡು ಗೋಲಿನಲ್ಲಿ ಸೋಲತೊಡಗಿತು; ಆಮೇಲೆ ಗೆಲ್ಲತೊಡಗಿತು. ನನಗಂತೂ ಶುಕ್ರವಾರ ಯಾವಾಗ ಬಂದೀತು ಅನ್ನಿಸುತ್ತಿತ್ತು.

ಆದರೆ ದೊಡ್ಡ ಪಂದ್ಯ ಬಂದಾಗೆಲ್ಲ ಸೋಲು ಖಂಡಿತ. ೧೯೯೧ರ ಕೊನೆಯಲ್ಲಿ ಲೊಯ್ಜೆ ಒಂದು ಉಪಾಯ ಮಾಡಿದರು. ವಾಹನ ಎಣಿಸಲು ನಮ್ಮ ಗೇಟಿನಲ್ಲಿ ಒತ್ತಿದರೆ ಟಕ್ ಎಂದು ಸಂಖ್ಯೆ ಏರುವ ಸಣ್ಣ ಯಂತ್ರವೊಂದಿತ್ತು. ಅದನ್ನು ತಂದು ಯಾರು ಯಾರಿಗೆ ಎಷ್ಟು ಪಾಸ್ ಕೊಡುತ್ತಾರೆ ಎಂದು ಮೂರು ಪಂದ್ಯದಲ್ಲಿ ಎಣಿಸಿದರು. ಶನಿವಾರ ಬೆಳಿಗ್ಗೆ ಕಾಗದ ಹಿಡಿದು ನನ್ನ ಮೇಜಿಗೆ ಬಂದರು.

“ಎಲಿಜಬೆತ್, ನೂರು ಪಾಸ್. ಅದರಲ್ಲಿ ಐವತ್ತೆಂಟು ಪ್ರೇಮನಾಥನಿಗೆ. ಯಾಕೆ?”

ನಾನು ಟೈಪ್ ಮಾಡುವುದನ್ನು ನಿಲ್ಲಿಸಿ ಬಾಗಿಲು ಮುಚ್ಚಿದೆ.

ಪ್ರೇಮನಾಥರು ಪಡುಬಿದ್ರಿಯವರು, ನಲವತ್ತನಾಲ್ಕು ವರ್ಷ, ನಮ್ಮ ಪರ್ಸನೆಲ್ ಆಫೀಸರ್. ಇಸ್ತ್ರಿ ಮುರಿಯದ ಅಂಗಿ, ತಗ್ಗಿದ ದನಿ, ಯಾರಿಗೂ ಒರಟಾಗಿ ಮಾತಾಡಿದವರಲ್ಲ. ತಂಡದ ನಟ್ಟನಡುವೆ ಆಡುತ್ತಿದ್ದರು. ಆಡುತ್ತಿದ್ದರು ಅಂದರೆ, ಚೆಂಡು ಬಂದ ಕೂಡಲೇ ಅದನ್ನು ಕಾಲ ಕೆಳಗೆ ಇಟ್ಟು, ಸೊಂಟಕ್ಕೆ ಕೈ ಕೊಟ್ಟು, ನಾಲ್ಕೂ ಕಡೆ ನೋಡುತ್ತಿದ್ದರು. ಅಷ್ಟರಲ್ಲಿ ಯಾರಾದರೂ ಬಂದು ಅದನ್ನು ತೆಗೆದುಕೊಂಡು ಹೋಗಿರುತ್ತಿದ್ದರು. ಆದರೆ ವಾರ್ಷಿಕ ರಜೆ, ಫ್ಯಾಮಿಲಿ ವೀಸಾ, ಊರಿಗೆ ಹೋಗುವ ಕಾಗದ, ಎಲ್ಲವೂ ಅವರ ಮೇಜಿನ ಮೇಲಿನಿಂದಲೇ ಹೋಗಬೇಕು. ೧೯೮೫ರಲ್ಲಿ ಒಬ್ಬ ವೆಲ್ಡರ್ ಅಭ್ಯಾಸದಲ್ಲಿ ಅವರ ಕಾಲಿನಿಂದ ಚೆಂಡು ಕಸಿದಿದ್ದ. ಅವನ ರಜೆ ಎರಡು ತಿಂಗಳು ತಡವಾಯಿತು. ಅದು ತಡವಾದದ್ದು ಅವನದೇ ಪಾಸ್‌ಪೋರ್ಟಿನ ಅವಧಿ ಮುಗಿದಿದ್ದರಿಂದ. ಟೈಪ್ ಮಾಡಿದ ನನಗೆ ಗೊತ್ತು. ಆದರೆ ಕತೆ ಅಷ್ಟರಲ್ಲಿ ನಮ್ಮ ರುಸ್ತಾಕ್ ಬ್ರಾಂಚಿನವರೆಗೂ ಮುಟ್ಟಿತ್ತು. ಅಂದಿನಿಂದ ಪ್ರೇಮನಾಥರು ಎಲ್ಲಿ ನಿಂತರೆ ಚೆಂಡು ಅಲ್ಲಿಗೆ.

ಇದನ್ನೆಲ್ಲ ಹೇಳಿದೆ. ಲೊಯ್ಜೆ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

“ನಿನ್ನ ಗಂಡನೂ?”

“ನನ್ನ ಗಂಡನೇ ಮೊದಲು. ಬಾಲ್ ಹಿಡಿದ ಕೂಡಲೇ ಎಸೆಯುವುದು ಎಲ್ಲಿಗೆ, ನೋಡಿದ್ದೀರಲ್ಲ.”

“ಪ್ರೇಮನಾಥನಿಗೆ ಇದು ಗೊತ್ತಾ?”

ಆ ಪ್ರಶ್ನೆಯನ್ನು ನಾನು ಏಳು ವರ್ಷದಲ್ಲಿ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಗೊತ್ತಿರಲಿಕ್ಕಿಲ್ಲ ಎಂದೆ.

ಲೊಯ್ಜೆ ಆ ಕಾಗದವನ್ನು ಮಡಚಿ ಇಟ್ಟುಕೊಂಡರು. ಹೇಗೂ ಸ್ನೇಹಿತರ ತಂಡ, ಒಬ್ಬ ಒಳ್ಳೆಯ ಮನುಷ್ಯನ ಶುಕ್ರವಾರವನ್ನು ಯಾಕೆ ಕೆಡಿಸಬೇಕು ಎಂದು ಬಿಟ್ಟುಬಿಟ್ಟರು. ಜನವರಿಯವರೆಗೆ ಬಿಟ್ಟುಬಿಟ್ಟರು.

ಜನವರಿಯಲ್ಲಿ ಎಲ್ಲವೂ ಒಟ್ಟಿಗೇ ಬಂತು. ಲೊಯ್ಜೆಯ ಯುಗೊಸ್ಲಾವ್ ಕಂಪೆನಿ ೧೯೯೦ರಲ್ಲೇ ಬಾಗಿಲು ಹಾಕಿತ್ತು, ಅವರು ನಮ್ಮ ವರ್ಕ್‌ಶಾಪಿನ ಕ್ರೇನ್ ವಿಭಾಗಕ್ಕೆ ಸೇರಿದ್ದರು. ಈಗ ಆ ವಿಭಾಗವೂ ಮುಚ್ಚುತ್ತದೆ, ಏಪ್ರಿಲ್ ಕೊನೆಗೆ ಅವರ ಕೆಲಸ ಮುಗಿಯುತ್ತದೆ ಎಂದು ಪತ್ರ ಬಂತು; ಟೈಪ್ ಮಾಡಿದವಳು ನಾನೇ. ಅವರ ಪಾಸ್‌ಪೋರ್ಟಿನ ದೇಶ ಒಡೆದು ಸ್ಲೊವೇನಿಯಾ ಬೇರೆ ದೇಶವಾಗಿತ್ತು. ಗಣಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಬಂದರೆ ಮನೆಯಲ್ಲಿ ಕೂರಬೇಕು ಎಂದು ಅವರ ತಮ್ಮ ಬರೆದಿದ್ದ. ಮೂವತ್ತೊಂಬತ್ತು ವರ್ಷದವರು ಅಲ್ಲಿ ಹೋಗಿ ಕೂತರೆ ಮ್ಯಾನೇಜರ್ ಆಗುವ ಮಾತು ಅಲ್ಲಿಗೇ ಮುಗಿಯಿತು.

ಅದೇ ವಾರ ಇಬ್ರಿಯಿಂದ ಯೂಸುಫ್ ಎಂಬ ಒಮಾನಿ, ಲ್ಯಾಂಡ್‌ಕ್ರೂಸರಿನ ಗೇರ್‌ಬಾಕ್ಸ್ ಹಾಳಾಯಿತು ಎಂದು ನಮ್ಮಲ್ಲಿಗೆ ಬಂದರು. ರಿಪೇರಿ ಮುಗಿಯಲು ಸಂಜೆಯಾಯಿತು. ಕಾಯುತ್ತ ಹಿಂದುಗಡೆ ಹೋದವರು ಅಭ್ಯಾಸ ನೋಡುತ್ತ ನಿಂತೇಬಿಟ್ಟರು. ಗಾಡಿ ರೆಡಿ ಎಂದು ಹೇಳಲು ಹೋದ ನನ್ನನ್ನು, “ಸ್ವಲ್ಪ ಇರಿ ಸಿಸ್ಟರ್” ಎಂದು ಹಿಂದಿಯಲ್ಲಿ ತಡೆದರು. ಅವರು ಇಬ್ರಿಯ ಒಂದು ಕ್ಲಬ್ಬಿನ ಕಾರ್ಯದರ್ಶಿ. ತಮ್ಮಲ್ಲಿ ಒಳ್ಳೆಯ ಆಟಗಾರರಿದ್ದಾರೆ, ಆಡಿಸುವವರಿಲ್ಲ ಎಂದು ಲೊಯ್ಜೆಗೆ ಹೇಳಿದರು. ಫೆಬ್ರವರಿ ಹದಿನಾಲ್ಕಕ್ಕೆ ಮಸ್ಕತ್ತಿನ ಇಂಡಿಯನ್ ತಂಡಗಳ ಟೂರ್ನಮೆಂಟಿನಲ್ಲಿ ನಮ್ಮ ಫೈನಲ್ ಇದೆ ಎಂದು ತಿಳಿದು, ಅದನ್ನು ನೋಡಿ ತೀರ್ಮಾನ ಮಾಡುತ್ತೇನೆ ಎಂದರು. ಹೋಗುವಾಗ, “ನಿಮ್ಮ ಕಫೀಲ್ ಕಡೆಯಿಂದ ಎನ್‌ಒಸಿ ಬೇಕಾಗುತ್ತದೆ. ಅದಿಲ್ಲದೆ ನಾವು ಏನೂ ಮಾಡುವ ಹಾಗಿಲ್ಲ” ಎಂದು ನೆನಪಿಸಿದರು.

ಕಫೀಲ್ ಅಂದರೆ ವೀಸಾ ಕೊಟ್ಟು ಕೆಲಸಕ್ಕೆ ಇಟ್ಟುಕೊಂಡ ಧಣಿ. ಅವನು, ಬಿಡುಗಡೆ ಮಾಡಿದ್ದೇನೆ, ಅಡ್ಡಿಯಿಲ್ಲ ಎಂದು ಬರೆದುಕೊಡುವ ಆ ಕಾಗದ ಇಲ್ಲದಿದ್ದರೆ ದೇಶ ಬಿಡಬೇಕು, ಎರಡು ವರ್ಷ ಹಿಂದೆ ಬರುವ ಹಾಗಿಲ್ಲ. ನಮ್ಮಲ್ಲಿ ಎನ್‌ಒಸಿಗೆ ದೊಡ್ಡ ಸಹಿ ಹಾಕುವುದು ಮುದೀರ್, ಅಂದರೆ ಒಮಾನಿ ಮ್ಯಾನೇಜರ್. ಆದರೆ ಮೂಲೆಯಲ್ಲಿ ಪ್ರೇಮನಾಥರ ಸಣ್ಣ ಸಹಿ ಇಲ್ಲದ ಕಾಗದವನ್ನು ಮುದೀರ್ ಮುಟ್ಟುತ್ತಿರಲಿಲ್ಲ.

ಈಗ ನೋಡಿ ಲೊಯ್ಜೆಯ ಪಾಡು. ಪ್ರೇಮನಾಥರನ್ನು ಆಡಿಸಿದರೆ ಫೈನಲ್ ಹೋಯಿತು, ಯೂಸುಫ್ ಹೋದರು. ಆಡಿಸದಿದ್ದರೆ ಎನ್‌ಒಸಿ ಹೋಯಿತು.

ಗುರುವಾರ ಮಧ್ಯಾಹ್ನ ತಂಡದ ಪಟ್ಟಿ ನೋಟಿಸ್ ಬೋರ್ಡಿಗೆ ಹಾಕುವುದು ಪದ್ಧತಿ. ಲೊಯ್ಜೆ ಬರೆದು ತಂದ ಹನ್ನೊಂದು ಹೆಸರನ್ನು ನಾನು ಎರಡು ಸಲ ಓದಿದೆ. ಪ್ರೇಮನಾಥರದು ಇರಲಿಲ್ಲ.

“ನೀವು ಒಮ್ಮೆ ಯೋಚನೆ ಮಾಡಿ. ಸಹಿ ಅವರದ್ದು” ಎಂದೆ.

“ಯೂಸುಫ್ ಮ್ಯಾನೇಜರನ್ನು ನೋಡಲು ಬರುತ್ತಾನೆ. ಸಹಿಗೆ ಹೆದರುವವನು ಅಲ್ಲಿ ಹತ್ತು ಜನ ಇದ್ದಾರೆ. ಹನ್ನೊಂದನೆಯವನು ನಾನು ಆದರೆ ಮ್ಯಾನೇಜರ್ ಯಾರು?”

ಟೈಪ್ ಮಾಡಿದೆ. ಕೊಗ್ಗನ ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಬಿತ್ತು. ಬೋರ್ಡಿನ ಮುಂದೆ ಪ್ರೇಮನಾಥರು ತುಂಬ ಹೊತ್ತು ನಿಂತಿದ್ದರು. ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಮನೆಯಲ್ಲಿ ಬೊನಿಫಾಸ್ ತಲೆ ಮೇಲೆ ಕೈ ಹೊತ್ತು ಕೂತ.

“ನಮ್ಮ ರಜೆ ಅರ್ಜಿ ಅವರ ಟ್ರೇಯಲ್ಲಿ ಉಂಟು ಮಾರಾಯ್ತಿ. ನನ್ನ ತಂಗಿಯ ಮದುವೆ ಹೋಯಿತು ಅಂತ ತಿಳ್ಕೋ.”

“ನಿನ್ನ ತಂಗಿಗೆ ಮದುವೆ ಆಗುವುದು ಹುಡುಗನ ಜೊತೆ, ನಿನ್ನ ಜೊತೆ ಅಲ್ಲ. ಸುಮ್ಮನೆ ಮಲಕ್ಕೋ” ಎಂದೆ.

ಶುಕ್ರವಾರ ಸಂಜೆಯ ಅಸರ್ ನಮಾಜು ಮುಗಿದ ಮೇಲೆ ಪಂದ್ಯ. ಎದುರಿಗೆ ಕಲ್ಲಿಕೋಟೆ ಕಡೆಯ ಮಲಯಾಳಿಗಳು, ಅಮ್ಮನ ಹಾಲು ಬಿಡುವ ಮೊದಲೇ ಫುಟ್‌ಬಾಲ್ ಹಿಡಿದವರು. ಪಿಕಪ್‌ಗಳ ಮಾಡಿನ ಮೇಲೆಲ್ಲ ಜನ. ಯೂಸುಫ್ ಬಿಳಿ ದಿಶ್‌ದಾಶಾ ನಿಲುವಂಗಿ ಹಾಕಿ ಗೋಲಿನ ಹಿಂದೆ ನಿಂತಿದ್ದರು. ಪ್ರೇಮನಾಥರು ಬರುವುದಿಲ್ಲ ಅಂದುಕೊಂಡಿದ್ದೆವು. ಹಳದಿ ಬನಿಯನ್ ಹಾಕಿಕೊಂಡೇ ಬಂದರು, ಗೆರೆಯ ಆಚೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತರು.

ಮೊದಲ ಅರ್ಧದ ಬಗ್ಗೆ ಬರೆಯಲು ನನಗೆ ಈಗಲೂ ನಾಚಿಕೆ. ಕೊಗ್ಗ ಚೆಂಡು ಹಿಡಿದು ಮೂವರನ್ನು ದಾಟಿ ಹೋದ, ಎದುರಿಗೆ ಬರಿಯ ಬಯಲು, ಹೊಡೆದರೆ ಗೋಲು. ಅವನು ನಿಂತ. ತಿರುಗಿದ. ಮೈದಾನದ ನಡುವಿಗೆ, ಪ್ರೇಮನಾಥರು ಯಾವಾಗಲೂ ನಿಲ್ಲುವ ಜಾಗಕ್ಕೆ, ಚೆಂದದ ಒಂದು ಪಾಸ್ ಕೊಟ್ಟ. ಅಲ್ಲಿ ಯಾರೂ ಇರಲಿಲ್ಲ. ಮಲಯಾಳಿಯೊಬ್ಬ ನಂಬಲಾಗದೆ ಒಂದು ಕ್ಷಣ ನೋಡಿ, ಚೆಂಡು ತೆಗೆದುಕೊಂಡು ಹೋಗಿ ಗೋಲು ಹೊಡೆದ. ಹತ್ತು ನಿಮಿಷ ಬಿಟ್ಟು ನನ್ನ ಗಂಡ, ಚೆಂಡು ಹಿಡಿದು, ಅದೇ ಖಾಲಿ ಜಾಗಕ್ಕೆ ಎಸೆದ. ಎರಡನೇ ಗೋಲು. ಏಳು ವರ್ಷದ ಅಭ್ಯಾಸ, ಕಾಲಿಗೂ ಕೈಗೂ ಇಳಿದುಬಿಟ್ಟಿತ್ತು. ಚೆಂಡು ಸಿಕ್ಕಿದವನೆಲ್ಲ ಮೊದಲು ಕುರ್ಚಿಯ ಕಡೆ ನೋಡುತ್ತಿದ್ದ. ಯೂಸುಫ್ ಜೇಬಿನಿಂದ ಕಾರಿನ ಕೀ ತೆಗೆದು ಕೈಯಲ್ಲಿ ಆಡಿಸತೊಡಗಿದರು.

ಅರ್ಧ ಪಂದ್ಯ ಮುಗಿದಾಗ ಎಲ್ಲರೂ ನೀರಿನ ಡ್ರಮ್ಮಿನ ಸುತ್ತ ಸೇರಿದರು. ಲೊಯ್ಜೆ ಸಮಾಧಾನದಲ್ಲೇ ಏನೋ ವಿವರಿಸುತ್ತಿದ್ದರು. ಯಾರ ತಲೆಗೂ ಇಳಿಯುತ್ತಿರಲಿಲ್ಲ. ನಾನು ಅಲ್ಲಿಗೆ ಹೋಗಬಾರದಿತ್ತು. ಕೊಡೆ ಬಿಸಾಡಿ ಹೋದೆ.

“ನಿಮಗೆ ರಜೆ ಕೊಡುವುದು ಯಾರು ಅಂತ ಮಾಡಿದ್ದೀರಿ?” ಎಂದೆ. “ಪ್ರೇಮಣ್ಣ ಸಹಿ ಹಾಕುವುದು ಹೌದು. ಅರ್ಜಿ ಟೈಪ್ ಮಾಡುವುದು ಯಾರು? ನನ್ನ ಮೆಷಿನ್ ದಾಟದೆ ಒಂದು ಕಾಗದ ಅವರ ಮೇಜಿಗೆ ಹೋಗ್ತದಾ? ಇನ್ನು ಯಾವನಾದರೂ ಆ ಖಾಲಿ ಜಾಗಕ್ಕೆ ಬಾಲ್ ಹಾಕಿದರೆ ಅವನ ಅರ್ಜಿಯಲ್ಲಿ ತಾರೀಕು ತಪ್ಪು ಹೊಡೀತೇನೆ. ಡಿಸೆಂಬರಿನ ರಜೆ ಜೂನಿಗೆ ಹೋಗ್ತದೆ. ರಜೆ ಸಿಗುದಿಲ್ಲ ಅಂತ ಏಳು ವರ್ಷ ಅವರಿಗೆ ಪಾಸ್ ಕೊಟ್ಟದ್ದು ಸಾಕು. ಇವತ್ತಿಂದ ನನಗೆ ಹೆದರಿ.”

ಕೊಗ್ಗ ನನ್ನ ಹೆಗಲಿನ ಹಿಂದೆ ನೋಡುತ್ತಿದ್ದ. ನಾನೂ ತಿರುಗಿದೆ. ಪ್ರೇಮನಾಥರು ನೀರು ಕುಡಿಯಲು ಬಂದವರು, ಪೇಪರ್ ಲೋಟ ಹಿಡಿದು ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಲೋಟವನ್ನು ಡ್ರಮ್ಮಿನ ಮೇಲೆ ಇಟ್ಟು, ತಮ್ಮ ಕಾರಿನ ಕಡೆ ನಡೆದರು. ನನಗೆ ನೆಲ ಬಾಯಿಬಿಟ್ಟರೆ ಒಳಗೆ ಹೋಗೋಣ ಅನ್ನಿಸಿತು.

“ಯಲ್ಲಾ, ಹೊರಡಿ” ಎಂದರು ಲೊಯ್ಜೆ. ವಿಷಲ್ ಕೇಳಿಸಿತು.

ಎರಡನೇ ಅರ್ಧ ಶುರುವಾಗಿ ಐದು ನಿಮಿಷ. ಕೊಗ್ಗ ಓಡಿದ, ನಿಂತ, ಅಭ್ಯಾಸಬಲದಿಂದ ನಡುವಿಗೆ ತಿರುಗಿದ. ನನ್ನ ಮುಖ ಕಂಡಿತು. ಮತ್ತೆ ತಿರುಗಿ ತಾನೇ ನುಗ್ಗಿದ. ಗೋಲು. ಆಮೇಲೆ ಆದದ್ದನ್ನು ನಾನು ಕಣ್ಣು ಮುಚ್ಚಿದರೆ ಇವತ್ತಿಗೂ ನೋಡಬಲ್ಲೆ. ಬೊನಿಫಾಸ್ ಎಡಗಡೆಗೆ ಎಸೆದ, ಅಲ್ಲಿಂದ ಬಲಕ್ಕೆ, ಬಲದಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ. ಏಳು ಜನ, ಏಳು ಪಾಸ್, ಒಬ್ಬರಿಗೂ ಎರಡನೇ ಸಲ ಇಲ್ಲ. ಆರು ತಿಂಗಳು ಕರಿ ಎಣ್ಣೆಯಲ್ಲಿ ಬರೆದ ಚಿತ್ರವೆಲ್ಲ ನೆಲದಿಂದ ಎದ್ದು ಓಡುತ್ತಿತ್ತು. ಎರಡು ಎರಡು. ಲೊಯ್ಜೆ ಕುಂಟುತ್ತ ಗೆರೆಯ ಉದ್ದಕ್ಕೂ ಓಡುತ್ತಿದ್ದರು, ಅವರ ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು, ಬೈಗುಳವೋ ಪ್ರಾರ್ಥನೆಯೋ ದೇವರಿಗೇ ಗೊತ್ತು. ನಾನು ಪಕ್ಕದಲ್ಲಿದ್ದ ಯಾರದೋ ಕೈ ಹಿಡಿದು ಹಿಂಡುತ್ತಿದ್ದೆ. ಎರಡು ನಿಮಿಷ ಬಾಕಿ ಇರುವಾಗ ಮಲಯಾಳಿಗಳಿಗೆ ಪೆನಾಲ್ಟಿ. ಬೊನಿಫಾಸ್ ಯಾವ ಕಡೆ ಹಾರಬೇಕೆಂದು ತೀರ್ಮಾನವಾಗದೆ ನಡುವೆಯೇ ನಿಂತ. ಚೆಂಡು ಅವನ ಹೊಟ್ಟೆಗೆ ಬಡಿಯಿತು. ಆ ಹೊಟ್ಟೆಯ ಬಗ್ಗೆ ಅಂದಿನಿಂದ ನಾನು ಒಂದು ಮಾತೂ ಆಡಿಲ್ಲ. ಬಿದ್ದಲ್ಲಿಂದಲೇ ಎಸೆದ, ಕೊಗ್ಗ ಹಿಡಿದ, ಇಡೀ ವಾದಿಯ ಉದ್ದ ಓಡಿದ, ಚೆಂಡನ್ನು ಮರೆಯಲಿಲ್ಲ. ಮೂರು ಎರಡು.

ಯೂಸುಫ್ ಬಂದು ಲೊಯ್ಜೆಯ ಎರಡೂ ಕೈ ಹಿಡಿದುಕೊಂಡರು. “ಹೊರಡಬೇಕೆಂದಿದ್ದೆ. ಅದೇ ಜನ, ಹತ್ತು ನಿಮಿಷದಲ್ಲಿ ಬೇರೆ ತಂಡ. ತಿಂಗಳ ಕೊನೆಯೊಳಗೆ ಎನ್‌ಒಸಿ ತನ್ನಿ, ಉಳಿದದ್ದು ನನಗೆ ಬಿಡಿ” ಎಂದರು. ಜನ ಲೊಯ್ಜೆಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಪ್ರೇಮನಾಥರ ಕಾರು ಅಲ್ಲಿರಲಿಲ್ಲ.

ಶನಿವಾರ ಬೆಳಿಗ್ಗೆ ಮೊದಲ ಕೆಲಸವಾಗಿ ಎನ್‌ಒಸಿ ಟೈಪ್ ಮಾಡಿ ಪ್ರೇಮನಾಥರ ಟ್ರೇಯಲ್ಲಿ ಇಟ್ಟೆ. ಭಾನುವಾರ ಅಲ್ಲೇ ಇತ್ತು. ಬುಧವಾರವೂ ಅಲ್ಲೇ ಇತ್ತು. ಬೊನಿಫಾಸನ ರಜೆಗೆ, ಕೊಗ್ಗನ ರಜೆಗೆ, ಎಲ್ಲರ ರಜೆಗೂ ಅವರು ಅದೇ ವಾರ ಸಹಿ ಹಾಕಿ ಕಳಿಸಿದರು. ಎನ್‌ಒಸಿ ಮಾತ್ರ ಅಲುಗಲಿಲ್ಲ. ಯೂಸುಫ್ ಎರಡು ಸಲ ಫೋನ್ ಮಾಡಿದರು. ಮೂರನೇ ಸಲ, ಇನ್ನು ಕಾಯುವುದು ಕಷ್ಟ, ಬೇರೆಯವರನ್ನು ನೋಡಬೇಕಾಗುತ್ತದೆ ಎಂದರು. ಲೊಯ್ಜೆ ತಮ್ಮ ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕತೊಡಗಿದರು. ಮ್ಯಾಚ್ ಗೆಲ್ಲಿಸಿದ ನನ್ನ ಬಾಯಿಯೇ ಅವರ ಬದುಕನ್ನು ಹಾಳು ಮಾಡಿತು ಎಂದು ಅತ್ತೆ.

ಇಪ್ಪತ್ತಾರನೇ ತಾರೀಕು ಪ್ರೇಮನಾಥರು ನಮ್ಮಿಬ್ಬರನ್ನೂ ಕರೆಸಿದರು. ಕುಳಿತುಕೊಳ್ಳಲು ಹೇಳಿದರು. ಎನ್‌ಒಸಿ ಅವರ ಮುಂದೆ ಇತ್ತು. ಲೊಯ್ಜೆಯ ಜೊತೆ ಯಾವಾಗಲೂ ಇಂಗ್ಲಿಷಿನಲ್ಲಿ ಮಾತಾಡುವವರು ಆ ದಿನ ನನ್ನ ಕಡೆ ತಿರುಗಿ, ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವಂತೆ ಬಾಯಮ್ಮ ಎಂದು ಕರೆದು, ಕನ್ನಡದಲ್ಲಿ ಶುರು ಮಾಡಿದರು.

“ಒಬ್ಬನ ರಜೆಯನ್ನೂ ನಾನು ಬೇಕು ಅಂತ ತಡ ಮಾಡಿದವನಲ್ಲ ಬಾಯಮ್ಮ.”

“ಗೊತ್ತು ಸಾರ್. ನನ್ನದು ತಪ್ಪಾಯಿತು.”

“ನಿಮ್ಮದು ಎಂತ ತಪ್ಪು. ನೀವು ಹೇಳಿದ್ದು ಸತ್ಯ. ನಾನು ಮನೆಗೆ ಹೋಗಿ ಒಂದೊಂದೇ ಮ್ಯಾಚ್ ನೆನಪು ಮಾಡಿದೆ. ನನಗೆ ಆಟ ಉಂಟು, ಅದಕ್ಕೆ ಬಾಲ್ ಬರ್ತದೆ ಅಂತ ತಿಳ್ಕೊಂಡಿದ್ದೆ.” ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಇವರನ್ನು ಒಂದು ಕೇಳಿ. ನನಗೆ ಇಂಗ್ಲಿಷಿನಲ್ಲಿ ಕೇಳ್ಲಿಕ್ಕೆ ಬಾಯಿ ಬರುದಿಲ್ಲ. ಈ ಏಳು ವರ್ಷದಲ್ಲಿ ನನಗೆ ಬಂದ ಬಾಲಿನಲ್ಲಿ ಒಂದಾದರೂ ಆಟಕ್ಕಾಗಿ ಬಂದದ್ದು ಉಂಟಾ?”

ಕೇಳಿದೆ. ಹೌದು ಅನ್ನಿ, ಸುಳ್ಳಾದರೂ ಅನ್ನಿ ಎಂದು ಮನಸ್ಸಿನಲ್ಲೇ ಲೊಯ್ಜೆಯನ್ನು ಬೇಡಿಕೊಂಡೆ. ಫುಟ್‌ಬಾಲಿನ ವಿಷಯದಲ್ಲಿ ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದವಳಲ್ಲ.

“ನಾನು ಮೂರು ವರ್ಷ ಆಡಿದೆ” ಎಂದರು ಲೊಯ್ಜೆ. “ಆಗ ನಾನು ಗೋಡೆಯ ಆಚೆ ಕಂಪೆನಿ. ನನ್ನ ರಜೆ ನಿನ್ನ ಕೈಯಲ್ಲಿ ಇಲ್ಲ. ನಾನು ನಿನಗೆ ಹೆದರಬೇಕಾಗಿಲ್ಲ. ಪ್ರತಿ ಪಂದ್ಯ ನಾಲ್ಕು ಸಲ, ಐದು ಸಲ ನಾನು ನಿನಗೆ ಬಾಲ್ ಕೊಟ್ಟೆ. ಯಾಕೆ ಕೊಟ್ಟೆ? ನಿನ್ನ ಕಾಲು ನಿಧಾನ. ಆದರೆ ನೀನು ನಿಲ್ಲುವ ಜಾಗ ಸರಿ. ಯಾವಾಗಲೂ ಸರಿ. ಅದು ಕಲಿಸಿದರೆ ಬರುವುದಿಲ್ಲ. ಅವೆಲ್ಲ ಆಟ.”

ನಾನು ಅನುವಾದ ಮಾಡಲು ಬಾಯಿ ತೆರೆದೆ. ಪ್ರೇಮನಾಥರು ಕೈ ಎತ್ತಿ ಬೇಡ ಎಂದರು. ಕನ್ನಡಕ ತೆಗೆದು ತುಂಬ ಹೊತ್ತು ಒರೆಸಿದರು. ಆಮೇಲೆ ಇಂಗ್ಲಿಷಿನಲ್ಲಿ, ನೇರ ಲೊಯ್ಜೆಗೇ, “ಯಾವ ಜಾಗ?” ಎಂದು ಕೇಳಿದರು.

ಲೊಯ್ಜೆ ಸ್ಟೇಪ್ಲರ್ ಎತ್ತಿಕೊಂಡರು. “ಇದು ನೀನು.” ರಬ್ಬರ್ ಸ್ಟಾಂಪ್ ಎತ್ತಿಕೊಂಡರು. “ಇದು ನಾನು. ೧೯೮೭, ಗೋವಾದವರ ಜೊತೆ.” ಮೇಜಿನ ಮೇಲೆ ಅವನ್ನು ಇಡಲು ಜಾಗ ಇರಲಿಲ್ಲ, ನಡುವೆ ಕಾಗದ ಹರಡಿತ್ತು. ಪ್ರೇಮನಾಥರು ಅವಸರದಲ್ಲಿ ಪೆನ್ನು ಹಿಡಿದು, ಓದದೆ, ಎನ್‌ಒಸಿಯ ಮೂಲೆಯಲ್ಲಿ ಸಣ್ಣ ಸಹಿ ಎಳೆದು, ನನ್ನ ಕಡೆ ತಳ್ಳಿದರು.

“ಇದನ್ನು ತೆಗೀರಿ ಬಾಯಮ್ಮ, ಜಾಗ ಬೇಕು.”

ನಾನು ಕಾಗದ ಹಿಡಿದು ಮುದೀರರ ಕೋಣೆಗೆ ಓಡಿದೆ. ಮೂವತ್ತೆರಡು ವರ್ಷದ ಹೆಂಗಸು ಆಫೀಸಿನ ಒಳಗೆ ಓಡುವುದನ್ನು ನೋಡಿ ಟೀ ತರುವವರು ಗೋಡೆಗೆ ಅಂಟಿ ನಿಂತರು. ಆ ಕಾಗದದ ಬಲದಿಂದ ಲೊಯ್ಜೆ ಇಬ್ರಿಗೆ ಹೋದರು, ಐದು ವರ್ಷ ಆ ಕ್ಲಬ್ಬನ್ನು ಆಡಿಸಿದರು, ಮೂರನೇ ವರ್ಷ ಮೇಲಿನ ದರ್ಜೆಗೆ ಏರಿಸಿದರು, ಪತ್ರಿಕೆಯಲ್ಲಿ ಅವರ ಫೋಟೋ ಬಂತು. ಆದರೆ ಆ ದಿನ ಮುದೀರರ ಸಹಿ, ಮೊಹರು ಎಲ್ಲ ಹಾಕಿಸಿ ನಾನು ಹಿಂದೆ ಬರುವಾಗ ಅರ್ಧ ಗಂಟೆ ಆಗಿತ್ತು. ಇಬ್ಬರೂ ಇನ್ನೂ ೧೯೮೭ರಲ್ಲೇ ಇದ್ದರು. ಮೇಜಿನ ತುಂಬ ಗುಂಡುಪಿನ್ನು, ಟೀ ಲೋಟ, ಪಂಚಿಂಗ್ ಮೆಷಿನ್. ಪ್ರೇಮನಾಥರು ಎದ್ದು ನಿಂತು ಸ್ಟೇಪ್ಲರನ್ನು ಒಂದು ಇಂಚು ಎಡಕ್ಕೆ ಸರಿಸುತ್ತಿದ್ದರು, ಲೊಯ್ಜೆ ಅದನ್ನು ಮತ್ತೆ ಬಲಕ್ಕೆ ಸರಿಸುತ್ತಿದ್ದರು. ಎನ್‌ಒಸಿಯನ್ನು ನಾನೇ ಮಡಚಿ ಲೊಯ್ಜೆಯ ಅಂಗಿಯ ಜೇಬಿಗೆ ತುರುಕಿದೆ. ಅವರು ತಿರುಗಿಯೂ ನೋಡಲಿಲ್ಲ.